ಮೂರು ಮುಟ್ಟಿನ ಲೆಕ್ಕ: ಅತಿಸ್ರಾವಕ್ಕೆ ಯಾವ ಔಷಧ, ಎಷ್ಟು, ಯಾವ ದಿನ

"ಮೇಡಂ, ಮಾತ್ರೆ ಎಲ್ಲಾ ತಗೊಂಡಾಯ್ತು, ಏನೂ ಆಗ್ಲಿಲ್ಲ. ಗರ್ಭಕೋಶ ತೆಗೆದ್ಬಿಡಿ."

ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುವವರಿಂದ ಸ್ತ್ರೀರೋಗ ವಿಭಾಗದ ಓಪಿಡಿಯಲ್ಲಿ ಮತ್ತೆ ಮತ್ತೆ ಕೇಳುವ ಮಾತಿದು. ಹೇಳುವವರಿಗೆ ಮೂವತ್ತೈದೋ ನಲವತ್ತೋ ವಯಸ್ಸು. ಮುಖ ಬಿಳಿಚಿಕೊಂಡಿರುತ್ತದೆ, ಮೆಟ್ಟಿಲು ಹತ್ತಿ ಬಂದ ಏದುಸಿರು ಇನ್ನೂ ಇಳಿದಿರುವುದಿಲ್ಲ. ಆಗ ನಾವು ಕೇಳುವುದು ಮೂರೇ ಪ್ರಶ್ನೆ: ಯಾವ ಮಾತ್ರೆ, ದಿನಕ್ಕೆ ಎಷ್ಟು, ಮುಟ್ಟಿನ ಎಷ್ಟನೇ ದಿನ ಶುರು ಮಾಡಿದ್ದು? ಚೀಲದಲ್ಲಿರುವ ಖಾಲಿ ಪಟ್ಟಿಗಳನ್ನು ಮೇಜಿನ ಮೇಲೆ ಹರಡಿ ಎಣಿಸಿದರೆ ವಿಷಯ ಬಹುತೇಕ ಅಲ್ಲೇ ಗೊತ್ತಾಗುತ್ತದೆ. ಒಂದೋ ಅರ್ಧ ಪ್ರಮಾಣ ಹೋಗಿದೆ, ಇಲ್ಲಾ ತಪ್ಪು ದಿನ ಹೋಗಿದೆ, ಇಲ್ಲಾ ಆ ತೊಂದರೆಗೆ ಆ ಔಷಧವೇ ಹೊಂದುವುದಿಲ್ಲ. ಪೂರ್ತಿ ಪ್ರಮಾಣ, ಸರಿಯಾದ ದಿನ, ಕನಿಷ್ಠ ಮೂರು ಮುಟ್ಟು: ಇಷ್ಟು ನೋಡದೆ ಔಷಧ ಸೋತಿತು ಎಂದು ಬರೆಯಲು ನಮಗೆ ಮನಸ್ಸು ಒಪ್ಪುವುದಿಲ್ಲ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಜಾರಿಗೆ ತನ್ನಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಹೇಳಬೇಕಾಗಿ ಬಂತು.

ಹಳೆಯ ಲೆಕ್ಕದಲ್ಲಿ ಒಂದು ಮುಟ್ಟಿಗೆ 80 ಮಿಲಿ ದಾಟಿದರೆ ಅತಿಸ್ರಾವ. ಮನೆಯಲ್ಲಿ ಅದನ್ನು ಅಳೆಯುವವರು ಯಾರು? ಹಾಗಾಗಿ ಈಗ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಮಿಲಿಯ ಮಾತು ಬಿಟ್ಟು, ಹೆಣ್ಣಿನ ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಹೋದರೆ ಅದು ಅತಿಸ್ರಾವ ಎನ್ನುತ್ತದೆ. ಗಂಟೆಗೋ ಎರಡು ಗಂಟೆಗೋ ಪ್ಯಾಡ್ ಬದಲಾಯಿಸುವುದು, ರಾತ್ರಿ ಎದ್ದು ಬದಲಾಯಿಸಬೇಕಾಗುವುದು, ರಕ್ತ ಹೆಪ್ಪುಗಟ್ಟಿ ಗರಣೆ ಗರಣೆಯಾಗಿ ಹೋಗುವುದು, ಎಂಟು ದಿನವಾದರೂ ನಿಲ್ಲದಿರುವುದು, ಇವೆಲ್ಲ ಲಕ್ಷಣಗಳೇ. ಆದರೆ ಒಂದು ಔಷಧವನ್ನು ಇನ್ನೊಂದರ ಜೊತೆ ಹೋಲಿಸಬೇಕಾದರೆ ಏನಾದರೂ ಒಂದು ಅಂಕಿ ಬೇಕು. ಅದಕ್ಕೆ ನಾವು ಒಂದು ಹಾಳೆ ಕೊಟ್ಟು ಕಳಿಸುತ್ತೇವೆ. ಇಂಗ್ಲೆಂಡಿನ ಹಿಗಮ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಚಿತ್ರಪಟ ಅದು.

ಹಾಳೆಯ ಮೇಲ್ಭಾಗದಲ್ಲಿ 1ರಿಂದ 8ರವರೆಗೆ ದಿನಗಳು. ಎಡಬದಿಯಲ್ಲಿ ಮೂರು ಪ್ಯಾಡಿನ ಚಿತ್ರ: ಸ್ವಲ್ಪ ಕಲೆಯಾದದ್ದು, ಅರ್ಧ ನೆನೆದದ್ದು, ಪೂರ್ತಿ ತೊಯ್ದದ್ದು. ಪ್ಯಾಡ್ ಬದಲಾಯಿಸಿದಾಗಲೆಲ್ಲ ಆ ದಿನದ ಕೆಳಗೆ ಒಂದು ಗೀಟು ಎಳೆದರಾಯಿತು, ಓದು ಬರಹ ಬಾರದವರೂ ತುಂಬಬಹುದು. ಕಲೆಯಾದದ್ದಕ್ಕೆ 1 ಅಂಕ, ಅರ್ಧಕ್ಕೆ 5, ಪೂರ್ತಿಗೆ 20. ಚಿಕ್ಕ ಗರಣೆಗೆ 1, ದೊಡ್ಡದಕ್ಕೆ 5. ಒಟ್ಟು 100 ದಾಟಿದರೆ ಸರಿಸುಮಾರು 80 ಮಿಲಿ ದಾಟಿದಂತೆ. ಉದಾಹರಣೆಗೆ ಹೀಗೊಂದು ಹಾಳೆ: ಮೊದಲ ದಿನ ಅರ್ಧ ನೆನೆದದ್ದು ಮೂರು, ಅಂದರೆ 15. ಎರಡನೇ ದಿನ ಪೂರ್ತಿ ತೊಯ್ದದ್ದು ಐದು, ದೊಡ್ಡ ಗರಣೆ ಎರಡು, 110. ಮೂರನೇ ದಿನ ಪೂರ್ತಿ ನಾಲ್ಕು, 80. ನಾಲ್ಕನೇ ದಿನ ಅರ್ಧ ಮೂರು, 15. ಐದನೇ ದಿನ ಕಲೆ ಎರಡು, 2. ಒಟ್ಟು 222. ಅಂಕಿ ಇರಲಿ, ಆ ಹಾಳೆಯಲ್ಲಿ ಕಣ್ಣಿಗೆ ಬೀಳುವುದು ಎರಡನೇ ಮೂರನೇ ದಿನದ ಗುಡ್ಡೆ. 222ರಲ್ಲಿ 190 ಆ ಎರಡೇ ದಿನಗಳದ್ದು. ಈ ಗುಡ್ಡೆ ಮುಂದೆ ಕೆಲಸಕ್ಕೆ ಬರುತ್ತದೆ.

ಹಾಳೆಗೂ ಮಿತಿಯಿದೆ. ಜೆಲ್ ಇರುವ ದೊಡ್ಡ ಪ್ಯಾಡ್ ಹೆಚ್ಚು ಹೀರುತ್ತದೆ, ಅದರಲ್ಲಿ ಅಂಕ ಕಡಿಮೆ ಬರುತ್ತದೆ. ಬಟ್ಟೆ ಬಳಸುವವರಿಗೆ ಈ ಅಂಕ ಹೊಂದುವುದೇ ಇಲ್ಲ. ಮೂರು ತಿಂಗಳೂ ಒಂದೇ ಬಗೆಯದನ್ನು ಬಳಸಿದರೆ ಸಾಕು, ಆಕೆಯ ಹಾಳೆಯನ್ನು ಆಕೆಯದೇ ಹಾಳೆಯ ಜೊತೆ ಹೋಲಿಸಬಹುದು.

ಔಷಧಕ್ಕೆ ಮೊದಲು ಕಾರಣ ಹುಡುಕಬೇಕು. ಎಲ್ಲಕ್ಕಿಂತ ಮುಂಚೆ ಮೂತ್ರದಲ್ಲಿ ಗರ್ಭ ಪರೀಕ್ಷೆ, "ಆಪರೇಷನ್ ಆಗಿದೆ" ಎಂದವರಿಗೂ. ರಕ್ತದ ಪೂರ್ಣ ಎಣಿಕೆ, ಸಾಧ್ಯವಾದರೆ ಮೈಯಲ್ಲಿನ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್, ಲಕ್ಷಣಗಳಿದ್ದರೆ ಥೈರಾಯ್ಡ್, ಆಮೇಲೆ ಸ್ಕ್ಯಾನ್. ಗರ್ಭಕೋಶದ ಒಳಕ್ಕೆ ಚಾಚಿಕೊಂಡ ಫೈಬ್ರಾಯ್ಡ್ ಗಡ್ಡೆಯೋ ಪಾಲಿಪ್ ಎಂಬ ಒಳಪದರದ ಕುಡಿಯೋ ಇದ್ದರೆ ಮಾತ್ರೆಗಳನ್ನು ಒಂದಾದ ಮೇಲೊಂದು ಬದಲಾಯಿಸುತ್ತಾ ಕೂರುವುದು ವ್ಯರ್ಥ, ಅದನ್ನು ತೆಗೆದರೆ ಸರಿಹೋಗುತ್ತದೆ. ವಯಸ್ಸು ನಲವತ್ತು ದಾಟಿದ್ದರೆ, ಅಥವಾ ಚಿಕ್ಕ ವಯಸ್ಸಾದರೂ ಬೊಜ್ಜು, ಪಿಸಿಓಎಸ್ ಎಂಬ ಹಾರ್ಮೋನ್ ಏರುಪೇರು, ಮುಟ್ಟಿನ ನಡುವೆ ರಕ್ತ ಕಾಣಿಸುವುದು ಇದ್ದರೆ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ಈ ಬರಹದ ಯಾವ ಹೋಲಿಕೆಯೂ ಅವರಿಗಲ್ಲ, ನೇರ ಪರೀಕ್ಷೆಗೆ ಬರಬೇಕು.

ಹದಿಹರೆಯದ ಹುಡುಗಿಯರ ವಿಷಯ ಬೇರೆ. ಜೊತೆಗೆ ಬಂದ ತಾಯಿ "ನಂಗೂ ಹಿಂಗೇ ಹೋಗ್ತಿತ್ತು ಮೇಡಂ, ನಮ್ಮಮ್ಮಂಗೂ ಹಿಂಗೇ, ನಮ್ಮನೇಲಿ ಎಲ್ರಿಗೂ ಇದು ಮಾಮೂಲು" ಎಂದು ಸಮಾಧಾನ ಹೇಳುತ್ತಾರೆ. ನಮಗೆ ಕಿವಿ ನೆಟ್ಟಗಾಗುವುದೇ ಆ ಮಾತಿಗೆ. ಹಲ್ಲು ಕೀಳಿಸಿದಾಗ ರಕ್ತ ನಿಲ್ಲಲು ತಡವಾಯಿತೇ, ಆಗಾಗ ಮೂಗಿನಿಂದ ರಕ್ತ ಬರುತ್ತದೆಯೇ, ಸಣ್ಣ ಏಟಿಗೂ ಚರ್ಮ ಕಂದಿಹೋಗುತ್ತದೆಯೇ ಎಂದು ಕೇಳುತ್ತೇವೆ. ಹೌದು ಎಂದರೆ ವಾನ್ ವಿಲ್ಲೆಬ್ರಾಂಡ್ ಎಂಬ ಅನುವಂಶೀಯ ರಕ್ತಸ್ರಾವದ ಕಾಯಿಲೆಗೆ ಪರೀಕ್ಷೆ. ಅದಿದ್ದವರಿಗೆ ಮೆಫೆನಾಮಿಕ್‌ನಂಥ ನೋವಿನ ಮಾತ್ರೆ ಕೊಟ್ಟರೆ ಸ್ರಾವ ಇನ್ನೂ ಹೆಚ್ಚಬಹುದು.

ಇನ್ನು ಟ್ರಾನೆಕ್ಸಾಮಿಕ್ ಆಸಿಡ್. ಜಪಾನಿನ ಉತಾಕೊ ಮತ್ತು ಶೊಸುಕೆ ಒಕಾಮೊಟೊ ದಂಪತಿ 1962ರಲ್ಲಿ ಪ್ರಕಟಿಸಿದ ಔಷಧ. ರಕ್ತನಾಳದ ಬಾಯಿಗೆ ದೇಹ ತಾನೇ ಒಂದು ಹೆಪ್ಪಿನ ಒಡ್ಡು ಹಾಕುತ್ತದೆ. ಅತಿಸ್ರಾವ ಇರುವವರ ಗರ್ಭಕೋಶದ ಒಳಪದರದಲ್ಲಿ ಆ ಒಡ್ಡನ್ನು ಕರಗಿಸುವ ವಸ್ತುಗಳು ಜಾಸ್ತಿ. ಈ ಮಾತ್ರೆ ಹೊಸ ಒಡ್ಡು ಕಟ್ಟುವುದಿಲ್ಲ, ಕಟ್ಟಿದ್ದು ಒಡೆಯದಂತೆ ಕಾಯುತ್ತದೆ. ಹಾರ್ಮೋನ್ ಅಲ್ಲವಾದ್ದರಿಂದ ಮಗು ಬೇಕು ಎನ್ನುವವರೂ ತೆಗೆದುಕೊಳ್ಳಬಹುದು. ಸ್ರಾವ ಸುಮಾರು ಅರ್ಧದಷ್ಟು ಇಳಿಯುತ್ತದೆ.

ಪ್ರಮಾಣ: 500 ಮಿಗ್ರಾಂನ ಎರಡು ಮಾತ್ರೆ, ದಿನಕ್ಕೆ ಮೂರು ಸಲ. ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10 ಎಂದು ಎಂಟೆಂಟು ಗಂಟೆಗೆ. ಸ್ರಾವ ಜೋರಾಗಲು ಶುರುವಾದ ದಿನವೇ ಆರಂಭಿಸಿ ನಾಲ್ಕು ದಿನ. ಅಂದರೆ ದಿನಕ್ಕೆ 6, ಒಂದು ಮುಟ್ಟಿಗೆ 24 ಮಾತ್ರೆ. ಈಗ ಆ ಖಾಲಿ ಪಟ್ಟಿಗಳ ಕಡೆ ನೋಡಿ. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ತೆಗೆದುಕೊಂಡವರಿಗೆ ಸಿಕ್ಕಿದ್ದು ದಿನಕ್ಕೆ 1 ಗ್ರಾಂ, ಬೇಕಾದದ್ದರ ಮೂರರಲ್ಲಿ ಒಂದು ಪಾಲು. ಅಂಗಡಿಯಿಂದ ಹತ್ತರ ಒಂದೇ ಪಟ್ಟಿ ತಂದು ಸರಿಯಾಗಿ ನುಂಗಿದವರಿಗೆ ಎರಡನೇ ದಿನ ರಾತ್ರಿಯೊಳಗೆ ಮಾತ್ರೆ ಮುಗಿದಿದೆ, ಅಷ್ಟರಲ್ಲಿ ಗುಡ್ಡೆ ಅರ್ಧ ಮಾತ್ರ ದಾಟಿದೆ. "ಜಾಸ್ತಿ ಆದ್ರೆ ನೋಡೋಣ" ಎಂದು ಮೂರನೇ ದಿನ ಸಂಜೆ ಶುರು ಮಾಡಿದವರಿಗೆ ತಡೆಯಲು ಉಳಿದದ್ದೇ ಕಡಿಮೆ, ಹೋಗಬೇಕಾದದ್ದೆಲ್ಲ ಆಗಲೇ ಹೋಗಿದೆ. ಆದ್ದರಿಂದ 24 ಮಾತ್ರೆ ಮೊದಲೇ ಮನೆಯಲ್ಲಿರಲಿ, ಮುಟ್ಟಾದ ಮೇಲೆ ತರಿಸುವುದು ಬೇಡ.

ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರಿಗೆ, ಫಿಟ್ಸ್ ಇರುವವರಿಗೆ ಇದನ್ನು ಕೊಡುವುದಿಲ್ಲ. ಔಷಧ ಬಹುತೇಕ ಮೂತ್ರದಲ್ಲೇ ಹೊರಹೋಗುವುದರಿಂದ ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ಇಳಿಸಬೇಕು. ಈಸ್ಟ್ರೋಜನ್ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆಯ ಜೊತೆ ಸೇರಿಸಿ ಕೊಡುವುದಿಲ್ಲ. ವಾಕರಿಕೆ, ಭೇದಿ ಕೆಲವರಿಗೆ ಆಗುತ್ತದೆ, ಊಟದ ನಂತರ ತೆಗೆದುಕೊಂಡರೆ ತಡೆದುಕೊಳ್ಳಬಹುದು. ಬಣ್ಣ ಗುರುತಿಸುವುದರಲ್ಲಿ ವ್ಯತ್ಯಾಸ ಕಂಡರೆ ನಿಲ್ಲಿಸಿ ಬರಬೇಕು.

ಮೆಫೆನಾಮಿಕ್ ಆಸಿಡ್ 500 ಮಿಗ್ರಾಂ, ದಿನಕ್ಕೆ ಮೂರು ಸಲ, ಊಟದ ಜೊತೆಗೆ. ಸ್ರಾವ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ. ಟ್ರಾನೆಕ್ಸಾಮಿಕ್‌ಗಿಂತ ಕಡಿಮೆ, ಆದರೆ ಹೊಟ್ಟೆನೋವೂ ಇದ್ದವರಿಗೆ, ಕಾಪರ್-ಟಿ ಹಾಕಿಸಿಕೊಂಡ ಮೇಲೆ ಜಾಸ್ತಿಯಾದವರಿಗೆ ಚೆನ್ನಾಗಿ ಹೊಂದುತ್ತದೆ. ಇಲ್ಲಿ ಆಗುವ ಎಡವಟ್ಟು ಹೆಸರಿನದು. ಮುಟ್ಟಿನ ನೋವಿಗೆ ಎಲ್ಲರ ಮನೆಯಲ್ಲೂ ಇರುವ, ಸೆಳೆತ ಇಳಿಸುವ ಡೈಸೈಕ್ಲೋಮಿನ್ ಸೇರಿದ ಮಾತ್ರೆಯಲ್ಲಿ ಮೆಫೆನಾಮಿಕ್ ಇರುವುದು 250 ಮಿಗ್ರಾಂ ಮಾತ್ರ. ನೋವು ಬಂದಾಗ ಅದನ್ನು ಒಂದು ನುಂಗಿ, ರಕ್ತಕ್ಕೂ ಮಾತ್ರೆ ತೆಗೆದುಕೊಂಡೆ ಅಂದುಕೊಳ್ಳುತ್ತಾರೆ. ಇನ್ನು ಟ್ರಾನೆಕ್ಸಾಮಿಕ್ 500, ಮೆಫೆನಾಮಿಕ್ 250 ಎರಡೂ ಸೇರಿದ ಮಾತ್ರೆ ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಅದನ್ನು ಹೊತ್ತಿಗೆ ಒಂದರಂತೆ ಮೂರು ಸಲ ಕೊಟ್ಟರೆ ಎರಡೂ ಅರ್ಧರ್ಧ ಪ್ರಮಾಣ. ಎರಡರಂತೆ ಕೊಟ್ಟರೆ ಲೆಕ್ಕ ಪೂರ್ತಿಯಾಗುತ್ತದೆ, ಆದರೆ ಅದಕ್ಕೆ ಹೊಟ್ಟೆ ಮತ್ತು ಕಿಡ್ನಿ ಎರಡೂ ಸರಿಯಿರಬೇಕು. ಅಲ್ಸರ್, ಕಿಡ್ನಿ ತೊಂದರೆ, ನೋವಿನ ಮಾತ್ರೆಗೆ ಕೆರಳುವ ಅಸ್ತಮಾ ಇದ್ದವರಿಗೆ ಬೇಡ. ಮೆಫೆನಾಮಿಕ್‌ನಿಂದ ಅಪರೂಪಕ್ಕೆ ಡ್ರೆಸ್ ಎಂಬ ಗಂಭೀರ ಅಲರ್ಜಿ ಆಗುತ್ತದೆ ಎಂದು ಭಾರತೀಯ ಫಾರ್ಮಕೋಪಿಯಾ ಆಯೋಗ 2023ರ ಕೊನೆಯಲ್ಲಿ ಎಚ್ಚರಿಸಿದೆ. ಮಾತ್ರೆ ಶುರು ಮಾಡಿದ ಕೆಲವು ವಾರಗಳಲ್ಲಿ ಜ್ವರದ ಜೊತೆ ಮೈಮೇಲೆ ದದ್ದು ಎದ್ದರೆ ನಿಲ್ಲಿಸಿ ಆಸ್ಪತ್ರೆಗೆ ಬರಬೇಕು.

ಹಬ್ಬಕ್ಕೋ ಯಾತ್ರೆಗೋ ಮುಟ್ಟು ಮುಂದೂಡಲು ನುಂಗುವ ಮಾತ್ರೆ ಹಲವರಿಗೆ ಗೊತ್ತು. ಅದೇ ನೊರೆಥಿಸ್ಟಿರಾನ್ ಎಂಬ ಹಾರ್ಮೋನ್, 5 ಮಿಗ್ರಾಂ. ಸ್ರಾವ ನಿಲ್ಲದೆ ಹತ್ತು ಹದಿನೈದು ದಿನ ಎಳೆದಾಗ ದಿನಕ್ಕೆ ಮೂರು ಮಾತ್ರೆಯಂತೆ ಹತ್ತು ದಿನ ಕೊಟ್ಟರೆ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ನಿಲ್ಲುತ್ತದೆ. ಹೆಚ್ಚು ಜನ ಎಡವುವುದು ಆಮೇಲೆ. ಮಾತ್ರೆ ಬಿಟ್ಟ ಎರಡರಿಂದ ನಾಲ್ಕು ದಿನದಲ್ಲಿ ಮುಟ್ಟಿನಂತೆ ರಕ್ತ ಬಂದೇ ಬರುತ್ತದೆ, ಬರಬೇಕಾದದ್ದೇ ಅದು. ಇದನ್ನು ಮೊದಲೇ ಹೇಳದಿದ್ದರೆ "ಅಯ್ಯೋ ಮತ್ತೆ ಶುರುವಾಯ್ತು" ಎಂದು ಉಳಿದ ಮಾತ್ರೆ ನುಂಗುತ್ತಾರೆ, ನಿಲ್ಲುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಆರು ತಿಂಗಳು ಈ ಸುತ್ತಿನಲ್ಲೇ ಸಿಕ್ಕಿಕೊಂಡವರಿದ್ದಾರೆ. ನಡುವೆ ಒಂದು ಹೊತ್ತು ತಪ್ಪಿದರೂ ಕಲೆ ಕಾಣಿಸುತ್ತದೆ. ಪ್ರತಿ ತಿಂಗಳ ಅತಿಸ್ರಾವಕ್ಕಾದರೆ ಮುಟ್ಟಿನ 5ನೇ ದಿನದಿಂದ 26ನೇ ದಿನದವರೆಗೆ ಕೊಡಬೇಕು, ಆಗ ಇಳಿತ ಬಹಳ ಚೆನ್ನಾಗಿರುತ್ತದೆ. ಮುಟ್ಟಿಗೆ ಮುಂಚಿನ ಒಂದು ವಾರವೋ ಹತ್ತು ದಿನವೋ ಮಾತ್ರ ಕೊಡುವ ಹಳೆಯ ರೂಢಿಯಿಂದ, ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗುವವರಿಗೆ ಪ್ರಯೋಜನ ಇಲ್ಲ. ಇಪ್ಪತ್ತು ದಿನದ ಮಾತ್ರೆಯಿಂದ ಹೊಟ್ಟೆ ಉಬ್ಬರ, ಎದೆ ಭಾರ, ಮನಸ್ಸಿಗೆ ಕಿರಿಕಿರಿ ಆಗುತ್ತದೆ, ಹಾಗಾಗಿ ಮೂರು ನಾಲ್ಕು ತಿಂಗಳಿಗಿಂತ ಹೆಚ್ಚು ಮುಂದುವರಿಸುವವರು ಕಡಿಮೆ. ಇದರ ಅಲ್ಪ ಭಾಗ ದೇಹದಲ್ಲಿ ಈಸ್ಟ್ರೋಜನ್ ಆಗಿ ಬದಲಾಗುವುದರಿಂದ ಹೆಪ್ಪುಗಟ್ಟುವ ಚರಿತ್ರೆ ಇರುವವರಿಗೆ ಇದೂ ಬೇಡ.

ಎರಡು ಹಾರ್ಮೋನ್ ಸೇರಿದ ಸಂಯುಕ್ತ ಗರ್ಭನಿರೋಧಕ ಮಾತ್ರೆಯ ಹೆಸರು ಎತ್ತಿದರೆ "ನಂಗೆ ಆಪರೇಷನ್ ಆಗಿ ಹತ್ತು ವರ್ಷ ಆಯ್ತು, ಈ ಮಾತ್ರೆ ಯಾಕೆ?" ಎಂದು ಮುಖ ಗಂಟಿಕ್ಕುತ್ತಾರೆ. "ಅಕ್ಕ, ಇಲ್ಲಿ ಇದು ಮಕ್ಕಳಾಗದಿರೋದಕ್ಕಲ್ಲ, ಒಳಪದರ ತೆಳ್ಳಗಾಗ್ಲಿ ಅಂತ" ಎಂದು ಕೂರಿಸಿ ಹೇಳಬೇಕು. ಗಂಡನಿಗೂ ಅತ್ತೆಗೂ ಒಮ್ಮೊಮ್ಮೆ ಹೇಳಬೇಕಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಇದೇ ಬಗೆಯದು: 21 ಹಾರ್ಮೋನ್ ಮಾತ್ರೆ, 7 ಕಬ್ಬಿಣಾಂಶದ ಮಾತ್ರೆ. ಮುಟ್ಟು ಹಿಂದೆ ಮುಂದೆ ಆಗುವವರಿಗೆ ತುಂಬಾ ಅನುಕೂಲ. ಬಿಪಿ ನೋಡದೆ ಬರೆಯಬಾರದು. ಬಿಪಿ ಇರುವವರು, ಕಣ್ಣಿಗೆ ಮಿಂಚು ಬಂದು ಶುರುವಾಗುವ ಮೈಗ್ರೇನ್ ಇರುವವರು, ಹೆಪ್ಪಿನ ತೊಂದರೆ ಇದ್ದವರು, 35 ದಾಟಿ ಧೂಮಪಾನ ಮಾಡುವವರು ಇದನ್ನು ತೆಗೆದುಕೊಳ್ಳಬಾರದು.

ಆರ್ಮೆಲಾಕ್ಸಿಫೀನ್ ನಮ್ಮ ದೇಶದ್ದೇ ಔಷಧ, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ್ದು. ಗರ್ಭನಿರೋಧಕ್ಕೆ ಸಹೇಲಿ, ಸರ್ಕಾರದ ಛಾಯಾ ಎಂಬ ಹೆಸರಿನಲ್ಲಿ ಬರುವುದು ಇದರ 30 ಮಿಗ್ರಾಂ. ಅತಿಸ್ರಾವಕ್ಕೆ ಕೊಡುವುದು 60 ಮಿಗ್ರಾಂ: ಮೊದಲ 12 ವಾರ ವಾರಕ್ಕೆ ಎರಡು, ಮುಂದಿನ 12 ವಾರ ವಾರಕ್ಕೆ ಒಂದು, ಒಟ್ಟು 36 ಮಾತ್ರೆ. ದಿನದಿನದ ಮಾತ್ರೆಯಲ್ಲವಾದ್ದರಿಂದ ಮರೆಯುವುದೇ ದೊಡ್ಡ ತೊಡಕು. ಭಾನುವಾರ, ಬುಧವಾರ ಎಂದು ಗೊತ್ತು ಮಾಡಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಸುತ್ತು ಹಾಕಿಸುತ್ತೇವೆ. ಮುಟ್ಟು ಮುಂದಕ್ಕೆ ಹೋಗುವುದು, ತಿಂಗಳುಗಟ್ಟಲೆ ಬಾರದಿರುವುದು ಇದರಲ್ಲಿ ಸಾಮಾನ್ಯ. ಮೊದಲೇ ಹೇಳಿರದಿದ್ದರೆ ಗಾಬರಿಯಾಗುತ್ತಾರೆ. ಪಿಸಿಓಎಸ್, ಲಿವರ್ ತೊಂದರೆ ಇರುವವರಿಗೆ, ಮಗುವಿಗಾಗಿ ಪ್ರಯತ್ನಿಸುತ್ತಿರುವವರಿಗೆ ಇದಲ್ಲ.

ನಮ್ಮ ಕಡೆ ಇನ್ನೂ ಬರೆದುಕೊಡುವ ಎಥಾಮ್ಸಿಲೇಟ್ ಅನ್ನು ಅತಿಸ್ರಾವಕ್ಕೆ ಬಳಸಬಾರದು ಎಂದು ನೈಸ್ 2007ರಲ್ಲೇ ಹೇಳಿತ್ತು. ತಿಂಗಳಿಗೊಂದರಂತೆ ಕೊಡುವ ಲ್ಯೂಪ್ರೋಲೈಡ್ ಇಂಜೆಕ್ಷನ್ ಮುಟ್ಟನ್ನೇ ನಿಲ್ಲಿಸುತ್ತದೆ, ಆದರೆ ಮೂಳೆ ಸವೆಯುವುದರಿಂದ ಆಪರೇಷನ್‌ಗೆ ಮುಂಚೆ ರಕ್ತ ತುಂಬಿಕೊಳ್ಳಲು ಕೆಲವೇ ತಿಂಗಳ ಮಟ್ಟಿಗೆ ಸರಿ.

ಉಳಿದದ್ದು ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನ್ ಇರುವ, ಗರ್ಭಕೋಶದೊಳಗೆ ಇಡುವ ವಂಕಿ. ನೋಡಲು ಕಾಪರ್-ಟಿಯಂತೆಯೇ, ಕೆಲಸ ತದ್ವಿರುದ್ಧ: ತಾಮ್ರದ ವಂಕಿ ಸ್ರಾವ ಹೆಚ್ಚಿಸಬಹುದು, ಇದು ಇಳಿಸುತ್ತದೆ. ಒಳಗೆ 52 ಮಿಗ್ರಾಂ ಹಾರ್ಮೋನ್ ಇದ್ದು, ಆರಂಭದಲ್ಲಿ ದಿನಕ್ಕೆ ಸುಮಾರು 20 ಮೈಕ್ರೋಗ್ರಾಂನಂತೆ ಗರ್ಭಕೋಶದೊಳಗೇ ಬಿಡುಗಡೆಯಾಗುತ್ತದೆ. ವರ್ಷದ ಹೊತ್ತಿಗೆ ಸ್ರಾವ ಶೇ 90ರ ಆಸುಪಾಸು ಇಳಿಯುತ್ತದೆ, ಐದು ವರ್ಷ ಕೆಲಸ ಮಾಡುತ್ತದೆ. ಬೆಲೆ ಒಮ್ಮೆಗೇ ಭಾರ ಅನ್ನಿಸುತ್ತದೆ, 60 ತಿಂಗಳಿಗೆ ಹಂಚಿ ನೋಡಿ ಎನ್ನುತ್ತೇವೆ.

ಹಾಕುವುದು ಓಪಿಡಿಯಲ್ಲೇ. ಮುಟ್ಟಾದ ಮೊದಲ ಏಳು ದಿನದೊಳಗೆ ಬರಲು ಹೇಳುತ್ತೇವೆ, ಬರುವ ಒಂದು ಗಂಟೆ ಮುಂಚೆ ನೋವಿನ ಮಾತ್ರೆ. ಒಳಪರೀಕ್ಷೆ ಮಾಡಿ ಗರ್ಭಕೋಶ ಮುಂದಕ್ಕೆ ಬಾಗಿದೆಯೋ ಹಿಂದಕ್ಕೋ ತಿಳಿದುಕೊಳ್ಳುತ್ತೇವೆ, ಇದನ್ನು ಬಿಟ್ಟರೆ ತೂತಾಗುವ ಅಪಾಯ. ಗರ್ಭಕಂಠವನ್ನು ಶುಚಿ ಮಾಡಿ, ಚಿಮಟದಲ್ಲಿ ಹಿಡಿದು ನಿಧಾನಕ್ಕೆ ಎಳೆದು ನೇರ ಮಾಡಿಕೊಂಡು, ಸಪೂರ ಕಡ್ಡಿಯಿಂದ ಒಳಗಿನ ಉದ್ದ ಅಳೆಯುತ್ತೇವೆ. 6ರಿಂದ 10 ಸೆಂಟಿಮೀಟರ್ ಒಳಗಿದ್ದರೆ ಸರಿ. ಕೊಳವೆಯ ಮೇಲಿನ ಗುರುತನ್ನು ಆ ಅಳತೆಗೆ ಹೊಂದಿಸಿ, ಒಳಗೆ ತೋಳು ಬಿಚ್ಚಿಕೊಳ್ಳಲು ಹತ್ತು ಸೆಕೆಂಡು ಬಿಟ್ಟು, ಮೇಲಕ್ಕೆ ತಳ್ಳಿ ಕೂರಿಸಿ, ದಾರವನ್ನು ಎರಡು ಮೂರು ಸೆಂಟಿಮೀಟರ್ ಬಿಟ್ಟು ಕತ್ತರಿಸುತ್ತೇವೆ. ಅಳೆಯುವಾಗ ಮತ್ತು ತೋಳು ಬಿಚ್ಚುವಾಗ ಮುಟ್ಟಿನ ನೋವಿನಂತೆ ಹಿಂಡುತ್ತದೆ. ಕೆಲವರಿಗೆ ತಲೆಸುತ್ತು ಬರುತ್ತದೆ, ಹತ್ತು ನಿಮಿಷ ಮಲಗಿಸಿಯೇ ಕಳಿಸುವುದು.

ಈ ವಂಕಿ ಸೋಲುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ. ಒಟ್ಟು ರಕ್ತ ಇಳಿದಿದ್ದರೂ ದಿನಾ ಒಂದೊಂದು ಕಲೆ. ಪೂಜೆಗೆ ಕೂರುವಂತಿಲ್ಲ, ದೇವಸ್ಥಾನಕ್ಕೆ ಹೋಗುವಂತಿಲ್ಲ ಎಂದು ಎರಡೇ ತಿಂಗಳಿಗೆ ತೆಗೆಸಲು ಬರುತ್ತಾರೆ. ಆ ಕಷ್ಟವನ್ನು ಹಗುರವಾಗಿ ಕಾಣಬಾರದು. ಹಾಕುವ ಮುಂಚೆಯೇ "ಅಮ್ಮ, ಆರು ತಿಂಗಳು ಕಾಟ ಕೊಡಬಹುದು, ಆಮೇಲೆ ಸರಿಯಾಗುತ್ತೆ" ಎಂದು ಬಿಡಿಸಿ ಹೇಳಿದವರು ಕಾಯುತ್ತಾರೆ. ಗರ್ಭಕೋಶದ ಒಳಾಕಾರವನ್ನೇ ಬದಲಿಸುವ ಗಡ್ಡೆ ಇದ್ದರೆ ವಂಕಿ ಜಾರಿ ಹೊರಬೀಳುತ್ತದೆ, ಜೋರು ಸ್ರಾವದ ಜೊತೆ ಬಿದ್ದು ಗೊತ್ತೇ ಆಗದಿರುವುದೂ ಉಂಟು. ಹಾಗಾಗಿ ಆರು ವಾರಕ್ಕೆ ಬಂದು ದಾರ ನೋಡಿಸಿಕೊಳ್ಳಲೇಬೇಕು.

ಇವೆಲ್ಲವುಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ಸಂಸ್ಥೆಯ ಪರಿಶೀಲನೆ 2022ರಲ್ಲಿ ಬಂತು. ಮೊದಲ ಹಂತದ ಚಿಕಿತ್ಸೆಗಳಲ್ಲಿ ಹಾರ್ಮೋನ್ ವಂಕಿ ಮೊದಲು, ಟ್ರಾನೆಕ್ಸಾಮಿಕ್ ಬಗೆಯವು ನಂತರ, ನೋವಿನ ಮಾತ್ರೆಗಳು ಅವಕ್ಕಿಂತ ಕೆಳಗೆ. ಬ್ರಿಟನ್ನಿನಲ್ಲಿ 571 ಹೆಂಗಸರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಎಕ್ಲಿಪ್ಸ್ ಅಧ್ಯಯನ ನಮಗೆ ಇದಕ್ಕಿಂತ ಉಪಯುಕ್ತ ಅನ್ನಿಸುತ್ತದೆ, ಏಕೆಂದರೆ ಅದು ಕೇಳಿದ್ದು ಮಿಲಿಯ ಲೆಕ್ಕವನ್ನಲ್ಲ, ಬದುಕು ಎಷ್ಟು ಸುಧಾರಿಸಿತು ಎಂಬುದನ್ನು. ಎರಡು ವರ್ಷದ ನಂತರವೂ ವಂಕಿ ಉಳಿಸಿಕೊಂಡವರು ಶೇ 64, ಮಾತ್ರೆ ಮುಂದುವರಿಸಿದವರು ಶೇ 38. ಹಾಗೆಂದು ಎಲ್ಲರಿಗೂ ವಂಕಿ ಎನ್ನಲಾಗದು. ಮುಂದಿನ ವರ್ಷ ಮಗು ಬೇಕು ಎನ್ನುವವರಿಗೆ ಟ್ರಾನೆಕ್ಸಾಮಿಕ್, ನೋವೂ ಇದ್ದರೆ ಜೊತೆಗೆ ಮೆಫೆನಾಮಿಕ್. ಮಕ್ಕಳು ಸಾಕು, ಗರ್ಭಕೋಶದ ಗೋಡೆ, ಒಳಪದರ ಅದರೊಳಕ್ಕೆ ಬೆಳೆಯುವ ಅಡಿನೋಮಯೋಸಿಸ್‌ನಿಂದ ಊದಿಕೊಂಡಿದೆ ಎನ್ನುವವರಿಗೆ ವಂಕಿ. ಒಳಗೆ ಏನನ್ನೂ ಹಾಕಿಸಿಕೊಳ್ಳಲು ಒಲ್ಲದವರಿಗೆ ಆರ್ಮೆಲಾಕ್ಸಿಫೀನ್ ಅಥವಾ ಸಂಯುಕ್ತ ಮಾತ್ರೆ.

ಯಾವುದನ್ನೇ ಆರಿಸಿದರೂ ಕಬ್ಬಿಣ ಅದೇ ದಿನ ಶುರು. ಹಿಮೋಗ್ಲೋಬಿನ್ 12 ಇರುವವರ ಒಂದು ಮಿಲಿ ರಕ್ತದಲ್ಲಿ ಸುಮಾರು 0.4 ಮಿಗ್ರಾಂ ಕಬ್ಬಿಣ ಇರುತ್ತದೆ. ಮುಟ್ಟಿಗೆ 150 ಮಿಲಿ ಹೋದರೆ 60 ಮಿಗ್ರಾಂ ಹೋಯಿತು. ಊಟದಿಂದ ಮೈಗೆ ಹತ್ತುವುದು ದಿನಕ್ಕೆ 1ರಿಂದ 2 ಮಿಗ್ರಾಂ, ಅದರಲ್ಲೂ ಒಂದು ಮಿಗ್ರಾಂನಷ್ಟು ದಿನನಿತ್ಯದ ಸವಕಳಿಗೇ ಬೇಕು. ಸೊಪ್ಪು, ಬೀಟ್‌ರೂಟ್, ಖರ್ಜೂರ ತಿಂದು ಈ ಸಾಲ ತೀರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇತ್ತು. ಕಬ್ಬಿಣದ ಮಾತ್ರೆ ಖಾಲಿ ಹೊಟ್ಟೆಗೆ, ನಿಂಬೆಹಣ್ಣಿನ ಪಾನಕದ ಜೊತೆ. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವುಗಳಿಂದ ಒಂದೆರಡು ಗಂಟೆ ದೂರ. ಹೊಟ್ಟೆಗೆ ಆಗದವರಿಗೆ ದಿನ ಬಿಟ್ಟು ದಿನ ಕೊಟ್ಟರೂ ಚೆನ್ನಾಗಿಯೇ ಹೀರಿಕೆಯಾಗುತ್ತದೆ. ಮಲ ಕಪ್ಪಾಗುತ್ತದೆ, ಹೆದರಬೇಕಿಲ್ಲ. ಹಿಮೋಗ್ಲೋಬಿನ್ 12 ಮುಟ್ಟಿದ ಕೂಡಲೇ ನಿಲ್ಲಿಸಬಾರದು, ಫೆರಿಟಿನ್ ತುಂಬಲು ಇನ್ನೂ ಮೂರು ತಿಂಗಳು ಬೇಕು.

ಗಂಟೆಗೊಂದು ಪ್ಯಾಡ್ ಪೂರ್ತಿ ತೊಯ್ದು ಎರಡು ಗಂಟೆ ದಾಟಿದರೆ, ಎದ್ದು ನಿಂತಾಗ ಕಣ್ಣು ಕತ್ತಲಾದರೆ ಮನೆಯಲ್ಲಿ ಮಾತ್ರೆ ಹುಡುಕುತ್ತಾ ಕೂರದೆ ರಾತ್ರಿಯಾದರೂ ಆಸ್ಪತ್ರೆಗೆ ಬರಬೇಕು. ಅಂಥದ್ದೇನೂ ಇಲ್ಲದಿದ್ದರೆ ಮೂರನೇ ಮುಟ್ಟು ಮುಗಿದ ವಾರ ಮೂರೂ ಹಾಳೆ ಹಿಡಿದು ಬನ್ನಿ, ಖಾಲಿ ಪಟ್ಟಿಗಳ ಸಮೇತ.